ಮೂವತ್ತೊಂದನೇ ಪ್ಲೇಟು

ನಾನು ಕೊಪ್ಪಳದಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್, ಅಂದರೆ ಒಂದು ವಸ್ತುವಿಗೆ ಎಷ್ಟು ಖರ್ಚು ಬೀಳುತ್ತದೆ ಎನ್ನುವ ಲೆಕ್ಕದ ಪಾಠ ಮಾಡುತ್ತೇನೆ. ಯಲಬುರ್ಗಾ, ಕುಕನೂರು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೇ ಜಾಸ್ತಿ. ಬಹಳ ಮಂದಿ ಕನ್ನಡ ಮಾಧ್ಯಮದವರು. "ಅರ್ಥ ಆಯ್ತಾ?" ಎಂದರೆ ಇಡೀ ಕ್ಲಾಸು "ಆಯ್ತ್ರೀ ಸರ್" ಎಂದು ರಾಗ ಎಳೆಯುತ್ತಿತ್ತು. ಟೆಸ್ಟ್ ಪೇಪರ್ ನೋಡಿದರೆ ಆಗಿರುತ್ತಿರಲಿಲ್ಲ.

ಇವರಿಗೆ ತಮ್ಮ ಮೇಲೆ ನಂಬಿಕೆ ಇಲ್ಲ, ಮೊದಲು ಅದನ್ನು ಬೆಳೆಸಬೇಕು ಅಂದುಕೊಂಡೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸನ್‌ಬರ್ಗ್ 1965ರಲ್ಲಿ ಮಾಡಿದ 10 ವಾಕ್ಯಗಳ ಆತ್ಮಗೌರವ ಅಳೆಯುವ ಪಟ್ಟಿ ಇದೆಯಲ್ಲ, ಅದನ್ನು ಕನ್ನಡ ಮಾಡಿ ಹಂಚಿದೆ. "ಹೆಸರು ಬರೀಬೇಕೇನ್ರೀ ಸರ್?" ಎಂದರು. ಹ್ಞೂಂ ಎಂದೆ. ಅಲ್ಲಿಗೆ ಮುಗಿಯಿತು, ಎಲ್ಲರೂ ತಮ್ಮ ಬಗ್ಗೆ ಒಳ್ಳೇದಕ್ಕೇ ಟಿಕ್ ಹಾಕಿದರು. "ನೀವು ಹುಲಿಗಳು" ಎಂದು ಒಂದು ಗಂಟೆ ಭಾಷಣವನ್ನೂ ಬಿಗಿದೆ. ಚಪ್ಪಾಳೆ ಬಿತ್ತು. ಮಾರ್ಕ್ಸ್ ಇದ್ದಲ್ಲೇ ಇತ್ತು.

ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಜೊತೆಗಾರರು 2003ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಿದ್ದನ್ನು ಆಮೇಲೆ ಓದಿದೆ. ಆತ್ಮಗೌರವ ಹೆಚ್ಚಿಸಿದರೆ ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ಚೆನ್ನಾಗಿ ಓದಿದ್ದರಿಂದಲೇ ಅದು ಒಂದಿಷ್ಟು ಏರುತ್ತದೆ ಎಂದರು. ಅಂದರೆ ನಾನು ಬುಡ ಬಿಟ್ಟು ತುದಿಗೆ ನೀರು ಹಾಕುತ್ತಿದ್ದೆ.

ಒಂದು ದಿನ ನನ್ನ ಕ್ಲಾಸನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಾಚಿಕೆಯಾಯಿತು. ಪ್ರಶ್ನೆ ನನ್ನದೇ, ಉತ್ತರವೂ ನನ್ನದೇ. ನಡುವೆ ಒಂದು ಉಸಿರಿಗೂ ಜಾಗವಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ಶಾಲೆಗಳ ವಿಜ್ಞಾನದ ತರಗತಿಗಳಲ್ಲಿ ಇದನ್ನೇ ಕಂಡಿದ್ದರು: ಮೇಷ್ಟ್ರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆ. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಿಡುತ್ತಾರೆ.

3 ಸೆಕೆಂಡ್ ಏನು ಮಹಾ ಅಂತೀರಾ? ನಿಂತು ನೋಡಿ. ಫ್ಯಾನಿನ ಕಟಕಟ ಎಷ್ಟು ಜೋರು ಅಂತ ಗೊತ್ತಾಗುತ್ತದೆ. ನಾನು ಕಿಸೆಯಲ್ಲಿ ಕೈಯಿಟ್ಟು ಬೆರಳು ಎಣಿಸುತ್ತಿದ್ದೆ. ಜೊತೆಗೆ ಇನ್ನೊಂದು ಮಾಡಿದೆ. ಮೊದಲು ಪಕ್ಕದವರ ಹತ್ತಿರ ಮಾತಾಡಿ, ಆಮೇಲೆ ಬೇಕಾದರೆ ಕನ್ನಡದಲ್ಲೇ ಹೇಳಿ ಎಂದೆ.

ಬ್ರೇಕ್ ಈವನ್ ಪಾಠ, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಮಟ್ಟದ ಲೆಕ್ಕ. ಬೋರ್ಡಿನ ಮೇಲೆ ಮಿರ್ಚಿ ಮಂಡಕ್ಕಿ ಅಂಗಡಿ ಹಾಕಿದೆ. ದಿನಕ್ಕೆ ಜಾಗದ ಬಾಡಿಗೆ, ಕೂಲಿ ಸೇರಿ 300 ರೂಪಾಯಿ. ಒಂದು ಪ್ಲೇಟಿಗೆ ಖರ್ಚು 20, ಮಾರುವುದು 30ಕ್ಕೆ. "ಎಷ್ಟು ಪ್ಲೇಟ್ ಹೋದರೆ ಅಸಲು ಬರುತ್ತೆ?" ಎಂದು ಕೇಳಿ ಕಾದೆ. ಕೊನೇ ಬೆಂಚಿನ ಹುಡುಗಿಯೊಬ್ಬಳ ತುಟಿ ಅಲುಗಿತು. "ಹೇಳವ್ವಾ" ಎಂದೆ.

"ಮೂವತ್ತು ಪ್ಲೇಟಿಗೆ ಅಸಲು ಬರ್ತೈತ್ರೀ ಸರ್. ಮೂವತ್ತೊಂದನೇದರಿಂದ ನಮ್ ಲಾಭ."

ಖುಷಿಯಲ್ಲಿ ಎಲ್ಲರೆದುರು ಅತಿಯಾಗಿ ಹೊಗಳಿಬಿಟ್ಟೆ. ಮುಂದಿನ ಎರಡು ದಿನ ಅವಳು ತಲೆ ಎತ್ತಲಿಲ್ಲ! ಈಗ ಹೊಗಳುವುದಿಲ್ಲ. "ಹತ್ತು ರೂಪಾಯಿ ಎಲ್ಲಿಂದ ಬಂತು?" ಎಂದು ಉತ್ತರವನ್ನೇ ಮುಂದಕ್ಕೆ ತಳ್ಳುತ್ತೇನೆ.

ಎಲ್ಲರೂ ಮಾತಾಡುತ್ತಾರೆ ಅಂತಲ್ಲ. ನಾಲ್ಕೈದು ಹುಡುಗರು ಈಗಲೂ ಮೊಬೈಲ್ ಜೊತೆಗೇ ಇದ್ದಾರೆ. ಆದರೆ ಆ ಸೆಮಿಸ್ಟರಿನ ಎರಡನೇ ಟೆಸ್ಟಿನಲ್ಲಿ ಖಾಲಿ ಬಿಟ್ಟ ಉತ್ತರಗಳು ಕಡಿಮೆಯಿದ್ದವು. ತಪ್ಪಾದರೂ ಲೆಕ್ಕ ಹಾಕಿ ನೋಡಿದ್ದರು. ಪಾಸಾದವರೂ ಹೆಚ್ಚಿದ್ದರು.

ಆ ಹುಡುಗಿ ಈಚೆಗೆ ತಾನಾಗೇ ಎದ್ದು ನಿಂತಳು. "ಸರ್, ಮಳಿ ಬಂದ ದಿನ ಇಪ್ಪತ್ತು ಪ್ಲೇಟೂ ಹೋಗಂಗಿಲ್ರೀ. ಅವತ್ತೇನು ಮಾಡಬೇಕು?"

ಮುಂದಿನ ಪಾಠ ಮಾರ್ಜಿನ್ ಆಫ್ ಸೇಫ್ಟಿ, ಅಂದರೆ ಮಾರಾಟ ಎಷ್ಟು ಇಳಿದರೂ ನಷ್ಟವಾಗುವುದಿಲ್ಲ ಎನ್ನುವ ಲೆಕ್ಕ. ಅಲ್ಲಿಂದಲೇ ಶುರು ಮಾಡಿದೆ.