ಮುಂಬೈ, ಪುಣೆಗೆ ಬಂದ ಹೊಸಬರಿಗೆ: ಯಾವ ತಕರಾರಿಗೆ ಯಾವ ಕೋರ್ಟು

ಕೇಸು ಇಲ್ಲಿ ಹಾಕಬೇಕೋ ಊರಲ್ಲೋ ಎನ್ನುವುದು ನೀವು ಈಗ ಎಲ್ಲಿ ಮನೆ ಮಾಡಿದ್ದೀರಿ ಎಂಬುದೊಂದರಿಂದಲೇ ತೀರ್ಮಾನವಾಗುವುದಿಲ್ಲ. ತಕರಾರು ಯಾವುದರ ಬಗ್ಗೆ, ಆಸ್ತಿ ಅಥವಾ ವ್ಯವಹಾರ ಎಲ್ಲಿಯದು, ಮೊತ್ತ ಎಷ್ಟು, ಈ ಮೂರನ್ನೂ ನೋಡಬೇಕು.

ಅಮೆರಿಕದಲ್ಲಿರುವಂತೆ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎಂದು ನಮ್ಮಲ್ಲಿ ಎರಡು ಸಾಲು ಕೋರ್ಟುಗಳಿಲ್ಲ. ಸಂಸತ್ತು ಮಾಡಿದ ಕಾನೂನನ್ನೂ ಮಹಾರಾಷ್ಟ್ರದ ಕಾನೂನನ್ನೂ ಅದೇ ಜಿಲ್ಲಾ ಕೋರ್ಟು ನೋಡುತ್ತದೆ. ಮೇಲೆ ಹೈಕೋರ್ಟು, ಅದರ ಮೇಲೆ ಸುಪ್ರೀಂ ಕೋರ್ಟು. ಬಾಂಬೆ ಹೈಕೋರ್ಟಿನ ವ್ಯಾಪ್ತಿಗೆ ಗೋವಾ ಕೂಡ ಸೇರಿದೆ. ಪುಣೆಯ ಪ್ರಕರಣಗಳು ಮುಂಬೈ ಪೀಠಕ್ಕೇ ಹೋಗುತ್ತವೆ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳವು 2025ರ ಆಗಸ್ಟಿನಿಂದ ಕೊಲ್ಹಾಪುರ ಪೀಠಕ್ಕೆ ಸೇರಿವೆ. ಅಕ್ಕಲಕೋಟೆ, ಜತ್ತದ ಕಡೆ ಜಮೀನಿರುವ ಕನ್ನಡ ಕುಟುಂಬಗಳು ಇದನ್ನು ಗಮನದಲ್ಲಿಡಿ. ಸುಪ್ರೀಂ ಕೋರ್ಟಿನ ತೀರ್ಪು ಎಲ್ಲರೂ ಪಾಲಿಸಬೇಕಾದದ್ದು. ಕರ್ನಾಟಕ ಹೈಕೋರ್ಟಿನ ತೀರ್ಪನ್ನು ಪುಣೆಯ ನ್ಯಾಯಾಧೀಶರು ಪರಿಗಣಿಸಬಹುದು, ಪಾಲಿಸಲೇಬೇಕೆಂದಿಲ್ಲ.

ಹೊಸಬರಿಗೆ ಮೊದಲು ಎದುರಾಗುವುದು ಬಾಡಿಗೆ ಮನೆಯ ಕರಾರು. ಹನ್ನೊಂದು ತಿಂಗಳದ್ದಾದರೆ ಛಾಪಾ ಕಾಗದದ ಮೇಲೆ ಸಹಿ ಹಾಕಿದರೆ ಸಾಕು ಎಂಬ ಊರಿನ ರೂಢಿ ಇಲ್ಲಿ ನಡೆಯದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು (ಇಷ್ಟು ತಿಂಗಳು ಮನೆಯಲ್ಲಿರಲು ಮಾಲೀಕರು ಅನುಮತಿ ಕೊಡುವ ಕರಾರು) ಎಷ್ಟೇ ತಿಂಗಳದ್ದಾಗಲಿ, ನೋಂದಣಿ ಆಗಲೇಬೇಕು. ಅದರ ಹೊಣೆ ಮಾಲೀಕರದು. ನೋಂದಣಿ ಆಗದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆಗಿದ್ದವರು ಹೇಳಿದ್ದೇ ನಿಜವೆಂದು ಕೋರ್ಟು ಹಿಡಿಯುತ್ತದೆ. ಅಲ್ಲವೆಂದು ಮಾಲೀಕರೇ ರುಜುವಾತು ಮಾಡಬೇಕು. ಹಾಗೆಂದು ನೋಂದಣಿ ತಪ್ಪಿಸಿಕೊಳ್ಳಬೇಡಿ. ಬ್ಯಾಂಕಿಗೆ, ಗ್ಯಾಸಿಗೆ ವಿಳಾಸದ ದಾಖಲೆಯಾಗಿ ಬೇಕಾಗುವುದು ಅದೇ ಕಾಗದ.

ಅವಧಿ ಮುಗಿದರೂ ಮನೆ ಬಿಡದಿದ್ದರೆ ಮಾಲೀಕರು ಕೋರ್ಟಿಗೆ ಹೋಗದೆ, ಅದೇ ಕಾಯ್ದೆಯ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿ ಕೇಳಲು ಸರ್ಕಾರ ನೇಮಿಸಿದ ಅಧಿಕಾರಿಗೆ, ಅರ್ಜಿ ಹಾಕುತ್ತಾರೆ. ಬಾಡಿಗೆ ದುಪ್ಪಟ್ಟಾಗುತ್ತದೆ. ಸಮನ್ಸ್ ಕೈಸೇರಿದ 30 ದಿನದೊಳಗೆ ಪ್ರತಿವಾದಕ್ಕೆ ಅನುಮತಿ ಕೋರಿ ಅಫಿಡವಿಟ್ ಸಲ್ಲಿಸದಿದ್ದರೆ ಅವರು ಬರೆದದ್ದನ್ನೆಲ್ಲ ನೀವು ಒಪ್ಪಿದಂತೆ. ಮರಾಠಿಯ ಕಾಗದ ಓದಲು ಬಾರದೆಂದು ಕಪಾಟಿನಲ್ಲಿಟ್ಟರೆ ಮನೆ ಕೈಬಿಟ್ಟು ಹೋಗುವುದು ಹೀಗೆಯೇ. ಬಂದ ದಿನವೇ ಯಾರಿಂದಲಾದರೂ ಓದಿಸಿ, ತಲುಪಿದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಉಳಿದ ಬಾಡಿಗೆ ತಕರಾರುಗಳಿಗೆ ಮುಂಬೈಯಲ್ಲಿ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟು ಇದೆ.

ಊರಿನ ಹೊಲ, ಮನೆಯ ತಕರಾರನ್ನು ಇಲ್ಲಿ ಹೂಡಲು ಬರುವುದಿಲ್ಲ. ಸ್ಥಿರಾಸ್ತಿ ಇರುವ ಜಾಗದ ಕೋರ್ಟೇ ಬೇಕು. ವಿಜಯಪುರದ ಹೊಲಕ್ಕೆ ವಿಜಯಪುರ ಜಿಲ್ಲೆಯ ಕೋರ್ಟು. ಪಾಲಿನ ದಾವೆಯಲ್ಲಿ ಊರಿನ ಹೊಲವೂ ಪುಣೆಯ ಫ್ಲಾಟೂ ಒಟ್ಟಿಗಿದ್ದರೆ ಎರಡರಲ್ಲಿ ಯಾವ ಕಡೆಯಾದರೂ ಹೂಡಬಹುದು.

ಚೆಕ್ ಬೌನ್ಸ್ ಆದರೆ, ಅದನ್ನು ಜಮಾ ಮಾಡಿದ ನಿಮ್ಮ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿಯ ಕೋರ್ಟು. ಖಾತೆ ಇನ್ನೂ ಹುಬ್ಬಳ್ಳಿ ಶಾಖೆಯಲ್ಲೇ ಇದ್ದರೆ ಪ್ರತಿ ತಾರೀಖಿಗೂ ಹುಬ್ಬಳ್ಳಿಗೆ ಓಡಾಡಬೇಕು. ಆದ್ದರಿಂದ ಬಂದ ಕೂಡಲೇ ಖಾತೆಯನ್ನು ಇಲ್ಲಿಯ ಶಾಖೆಗೆ ವರ್ಗಾಯಿಸಿಕೊಳ್ಳಿ. ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳಲ್ಲಿ ಫಿರ್ಯಾದು.

ಗ್ರಾಹಕರ ದೂರಿಗೆ ಈ ತೊಡಕಿಲ್ಲ. ವಸ್ತು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 50 ಲಕ್ಷದವರೆಗೂ ಜಿಲ್ಲಾ ಆಯೋಗವೇ ಕೇಳುತ್ತದೆ.

ದಾಂಪತ್ಯದ ಕೇಸುಗಳಲ್ಲಿ ರಾಜ್ಯದ ಗಡಿ ನಿಜಕ್ಕೂ ಭಾರವಾಗುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ಹೆಂಡತಿ ತಾನೀಗ ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ತವರು ಧಾರವಾಡಕ್ಕೆ ಹೋಗಿದ್ದರೆ ಅಲ್ಲಿ. ಗಂಡ ಪುಣೆಯಲ್ಲಿ ಹೂಡಿದ ಕೇಸನ್ನು ಧಾರವಾಡಕ್ಕೆ ವರ್ಗಾಯಿಸಿ ಎಂದು ಕೇಳಬೇಕಾದರೆ ಎರಡೂ ಹೈಕೋರ್ಟುಗಳಿಗೆ ಆ ಅಧಿಕಾರವಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸು ಸಾಗಿಸುವುದು ಸುಪ್ರೀಂ ಕೋರ್ಟು ಮಾತ್ರ, ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ. ಹೈಕೋರ್ಟಿನಲ್ಲಿ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದು ಹಣ ಕಳೆಯಬೇಡಿ.

ಕಾಗದಪತ್ರದ ಮಾತು. ಕೆಳಗಿನ ಕೋರ್ಟುಗಳಲ್ಲಿ ಮರಾಠಿ ನಡೆಯುತ್ತದೆ, ಹೈಕೋರ್ಟಿನಲ್ಲಿ ಇಂಗ್ಲಿಷ್. ಕನ್ನಡದ ಪಹಣಿ, ಖರೀದಿ ಪತ್ರ, ವಂಶವೃಕ್ಷಗಳನ್ನು ಮೂಲ ಪ್ರತಿಯ ಜೊತೆಗೆ ಅನುವಾದವನ್ನೂ ಇಟ್ಟು ಸಲ್ಲಿಸಬೇಕು. ಸರ್ವೆ ನಂಬರು, ಎಕರೆ-ಗುಂಟೆ, ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೂ ಎದುರು ಪಕ್ಷ ಅದನ್ನೇ ಹಿಡಿಯುತ್ತದೆ. ಅನುವಾದವನ್ನು ಕನ್ನಡ ಬಲ್ಲ ನೀವೇ ಸಾಲು ಸಾಲಾಗಿ ಹೋಲಿಸಿ ನೋಡಿ.

ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪುಣೆಯವರು ಶಿವಾಜಿನಗರದ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ವಿಚಾರಿಸಿ, ಫೋನಿನಲ್ಲಾದರೆ 15100.