ಫೀನಿಕ್ಸ್ ಬಿಸಿಲಲ್ಲಿ ಬಾಕ್ಸ್‌ಸ್ಟರ್‌ಗೆ ತಣ್ಣನೆ ಗಾಳಿ: ನನ್ನ ಅನುಭವ

"ಎಡಗಡೆ ಕಿಂಡಿಯಿಂದ ಹೊರಗಿನ ಗಾಳೀನೇ ತಾನೇ ಎಳೆಯೋದು? ಅದರಲ್ಲಿ ನೀನೇನು ಸರಿ ಮಾಡ್ತೀಯ? ಪೋರ್ಷೆ ಎಂಜಿನಿಯರ್‌ಗಳಿಗಿಂತ ಜಾಣನಾ?" ನನ್ನ ಪೋರ್ಷೆ ಬಾಕ್ಸ್‌ಸ್ಟರ್‌ನ ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ತಣ್ಣಗಿಡಲು ಹೊರಟಾಗ ಗೆಳೆಯರು ಹೀಗೆ ಕಾಲೆಳೆಯುತ್ತಿದ್ದರು. ಈ ಬೇಸಿಗೆ ಅವರಲ್ಲೇ ಇಬ್ಬರು "ನಮ್ಮ ಕಾರಿಗೂ ಮಾಡಿಕೊಡು ಮಾರಾಯ" ಅಂತ ಬಂದಿದ್ದಾರೆ. ಇನ್ನು ಬರೆಯಲು ಅಡ್ಡಿಯಿಲ್ಲ.

ಕಾರು 2001ರ ಬಾಕ್ಸ್‌ಸ್ಟರ್ ಎಸ್. 3.2 ಲೀಟರ್ ಎಂಜಿನ್, ಹೊಸದಿದ್ದಾಗ 250 ಎಚ್‌ಪಿ. ಎಂಜಿನ್ ಇರುವುದು ಸೀಟಿನ ಹಿಂದೆ, ಅದಕ್ಕೆ ಗಾಳಿ ಹೋಗುವುದು ಕಾರಿನ ಎಡ ಪಕ್ಕದ ಕಿಂಡಿಯಿಂದ. ಊರು ಅರಿಜೋನಾದ ಫೀನಿಕ್ಸ್. ಜುಲೈನಲ್ಲಿ 43 ಡಿಗ್ರಿ ಸೆಲ್ಸಿಯಸ್ ಇಲ್ಲಿ ಮಾಮೂಲಿ. ಹೈವೇಯಲ್ಲಿ ತಕರಾರಿಲ್ಲ, ಐಎಟಿ (ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ) ಹೊರಗಿಗಿಂತ ಏಳೆಂಟು ಡಿಗ್ರಿ ಜಾಸ್ತಿ ಅಷ್ಟೇ. ಆದರೆ ಎರಡು ಸಿಗ್ನಲ್ ಸಿಕ್ಕರೆ ಸಾಕು, 70 ದಾಟುತ್ತಿತ್ತು. ಹಸಿರು ಬಿದ್ದ ಮೇಲೆ ಪೆಡಲ್ ಒತ್ತಿದರೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಬಿಟ್ಟುಕೊಡುತ್ತಿರಲಿಲ್ಲ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಮೂರು ಪರ್ಸೆಂಟ್ ತೆಳುವಾಗುತ್ತದೆ. ಅದನ್ನಾದರೂ ಸಹಿಸಬಹುದು, ಟೈಮಿಂಗ್ ಮೂರ್ನಾಲ್ಕು ಡಿಗ್ರಿ (ಇದು ಬಿಸಿಯಲ್ಲ, ಕ್ರ್ಯಾಂಕ್ ತಿರುಗುವ ಕೋನ) ಹಿಂದೆ ಹೋದರೆ ಕಾರೇ ಮಂಕಾಗುತ್ತದೆ.

ಮೊದಲು ದುಡ್ಡು ತಿಂದಿದ್ದು ಕೋನ್ ಫಿಲ್ಟರ್ ಕಿಟ್, ಡಬ್ಬಿಯಿಲ್ಲದೆ ತೆರೆದೇ ಕೂರುವ ಏರ್ ಫಿಲ್ಟರ್. ಮುನ್ನೂರು ಡಾಲರ್ ಚಿಲ್ಲರೆ. ಸದ್ದು ಭರ್ಜರಿ, ಆದರೆ ಎಳೆಯುವುದು ಎಂಜಿನ್ ಪಕ್ಕದ ಗಾಳಿಯನ್ನೇ. ಒಳಹೋಗುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಕೂರುವ ಪೈಪ್ ಒಂಚೂರು ದಪ್ಪ ಇತ್ತು. ಗಾಳಿ-ಪೆಟ್ರೋಲ್ ಲೆಕ್ಕ ತಪ್ಪಿ ಪಿ1128, ಪಿ1130 ಎರಡೂ ದೋಷದ ಕೋಡ್ ಬಂದವು. ನೂರಿಪ್ಪತ್ತಕ್ಕೆ ಮಾರಿದೆ. ಆಮೇಲೆ ಪೈಪಿಗೆ ಸುತ್ತಲು ಬಿಸಿ ತಡೆಯುವ ಚಿನ್ನದ ಬಣ್ಣದ ಹೀಟ್ ಟೇಪ್, ತೊಂಬತ್ತು ಡಾಲರ್. ಗಾಳಿ ಪೈಪಿನಲ್ಲಿ ಇರುವುದೇ ಕಣ್ಣು ಮಿಟುಕಿಸುವಷ್ಟು ಹೊತ್ತು, ಟೇಪ್ ಏನು ತಡೆದೀತು? ಫೋಟೊಗೆ ಮಾತ್ರ ಚೆಂದ.

ದೋಣಿಗಳಿಗೆ ಹಾಕುವ ಬ್ಲೋವರ್ ಕೂಡ ತಂದೆ, ನಲವತ್ತು ಡಾಲರ್. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಐಎಟಿ ಇಳಿಯಿತು, ಖುಷಿಪಟ್ಟೆ. ಆದರೆ ಈ ಎಂಜಿನ್ 7,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 11,000 ಲೀಟರ್ ಗಾಳಿ ಕೇಳುತ್ತದೆ. ಬ್ಲೋವರ್ ಕೊಡುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮೇಲಿನ ಆರ್‌ಪಿಎಂನಲ್ಲಿ ಅದು ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗೆ.

ಮರ್ಮ ಗೊತ್ತಾಗಿದ್ದು ಊದುಬತ್ತಿಯಿಂದ. ಹಿಂದಿನ ಎಡ ಚಕ್ರ ಬಿಚ್ಚಿ, ಚಕ್ರದ ಗೂಡಿನ ಪ್ಲಾಸ್ಟಿಕ್ ಲೈನರ್ ತೆಗೆದು, ಎಂಜಿನ್ ಐಡಲ್‌ನಲ್ಲಿಟ್ಟು, ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬಿ) ಬಾಯಿಯ ಹತ್ತಿರ ಊದುಬತ್ತಿ ಹಿಡಿದೆ. ಕಿಂಡಿಯ ಕಡೆ ಹಿಡಿದಾಗ ಹೊಗೆ ಸುಮ್ನೆ ಅಲುಗಾಡಿತು. ಎಂಜಿನ್ ಕಡೆ ಹಿಡಿದಾಗ ನೂಲು ಎಳೆದಂತೆ ನೇರ ಒಳಗೆ ಹೋಯಿತು. ಇಪ್ಪತ್ತು ವರ್ಷದ ಸೀಲ್ ಒಣಗಿ ಕುಗ್ಗಿ, ಕಿರುಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಕಾರು ಓಡುವಾಗ ಹೊರಗಿನ ಒತ್ತಡ ಗೆಲ್ಲುತ್ತದೆ. ನಿಂತಾಗ ಎಂಜಿನ್ ತನ್ನ ಬಿಸಿಯನ್ನೇ ತಾನು ಕುಡಿಯುತ್ತದೆ.

ಕಿಂಡಿಯಿಂದ ಏರ್‌ಬಾಕ್ಸ್ ಬಾಯಿವರೆಗೆ ಒಂದೇ ಡಕ್ಟ್ (ಗಾಳಿಕೊಳವೆ) ಮಾಡಿದೆ. ಮೊದಲನೆಯದನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿ ನೋಡಿದ್ದು. ಕಚೇರಿ ಪಾರ್ಕಿಂಗ್‌ನಿಂದ ವಾಪಸ್ ಬರುವಷ್ಟರಲ್ಲಿ ಜೋತುಬಿದ್ದಿತ್ತು. 60 ಡಿಗ್ರಿಗೆ ಮೆತ್ತಗಾಗುವ ಪ್ಲಾಸ್ಟಿಕ್, ಪಾಪ. ಆಮೇಲೆ ಹೆಚ್ಚು ಬಿಸಿ ತಾಳುವ ಎಎಸ್‌ಎ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು ಇವತ್ತಿಗೂ ಗಟ್ಟಿ. ಸುತ್ತ ಫೋಮ್ ಸೀಲ್, ಎಂಜಿನ್ ಕಡೆಗೆ ಅಲ್ಯೂಮಿನಿಯಂ ತಗಡಿನ ಗೋಡೆ, ತಳದಲ್ಲಿ ನೀರು ಬಸಿಯಲು ತೂತು. ಡಕ್ಟ್ ಬಾಯಿಯ ತುಟಿಯನ್ನು ಯಾವ ಕೋನಕ್ಕೆ ಬಗ್ಗಿಸಿದೆ, ಫೋಮ್ ಯಾವುದು, ಇವೆರಡನ್ನು ಸದ್ಯಕ್ಕೆ ಹೇಳುವುದಿಲ್ಲ. ಅಷ್ಟು ದುಡ್ಡು ಸುಟ್ಟಿದ್ದೇನೆ, ಅಲ್ವಾ?

ಡಕ್ಟ್ ಒಂದೇ ಸಾಲದು. ಬಲಗಡೆ ಕಿಂಡಿಯ ಹಿಂದಿನ ಎಂಜಿನ್ ಬೇ (ಎಂಜಿನ್ ಕೂರುವ ಗೂಡು) ಫ್ಯಾನ್ ತಾನಾಗಿ ತಿರುಗುವ ಹೊತ್ತಿಗೆ ತುಂಬಾ ತಡ. ರಿಲೇ ಹಾಕಿ ಡ್ಯಾಶ್‌ಗೆ ಸ್ವಿಚ್ ತಂದೆ. ಟ್ರಾಫಿಕ್ ಕಂಡರೆ ಒತ್ತುತ್ತೇನೆ.

ನಡುವೆ ಇನ್ನೊಂದು ಹುಚ್ಚಾಟ. ಊರಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದರಲ್ಲ, ಅದೇ ಲೆಕ್ಕದಲ್ಲಿ ವಾಷರ್ ಪಂಪ್‌ನಿಂದ ಕಿಂಡಿಗೆ ಮಂಜಿನಂತೆ ನೀರು ಬಿಟ್ಟೆ. ಇಲ್ಲಿನ ಒಣಗಾಳಿಗೆ ಹತ್ತು ಡಿಗ್ರಿ ಇಳಿಯಿತು, ನಂಬಿ! ಆದರೆ ಇಲ್ಲಿಯದು ಗಡಸು ನೀರು, ಪೇಪರ್ ಫಿಲ್ಟರ್ ಮೇಲೆ ಬಿಳಿ ಪುಡಿ ಕೂತಿತು. ಡಿಸ್ಟಿಲ್ಡ್ ನೀರು ಹಾಕಿದರೆ ಪುಡಿ ಇಲ್ಲ, ಫಿಲ್ಟರ್ ಮಾತ್ರ ಒದ್ದೆ. ಆಗಸ್ಟ್‌ನ ಮಾನ್ಸೂನ್ ತೇವಕ್ಕೆ ಅರ್ಧ ಪರಿಣಾಮವೂ ಇಲ್ಲ. ಕಿತ್ತುಹಾಕಿದೆ.

ಈಗ ಅದೇ ಸಿಗ್ನಲ್‌ಗಳಲ್ಲಿ, ಅದೇ ಬಿಸಿಲಲ್ಲಿ ಐಎಟಿ 52, 53. ಸೆನ್ಸರ್ ತಾನೇ ಬಿಸಿಯಾಗಿ ಸುಳ್ಳು ಹೇಳಬಹುದು ಅಂತ ಏರ್‌ಬಾಕ್ಸ್ ಒಳಗೆ ಬೇರೆ ಪ್ರೋಬ್ ಇಟ್ಟು ನೋಡಿದೆ, ಒಂದೆರಡು ಡಿಗ್ರಿ ಕಡಿಮೆಯೇ ತೋರಿಸಿತು. ಐ-17 ಹೆದ್ದಾರಿಯಲ್ಲಿ ಬ್ಲ್ಯಾಕ್ ಕ್ಯಾನ್ಯನ್ ಸಿಟಿಯಿಂದ ಸನ್‌ಸೆಟ್ ಪಾಯಿಂಟ್‌ಗೆ ಹತ್ತುವಾಗ ಹೊರಗಿಗಿಂತ ನಾಲ್ಕೈದು ಡಿಗ್ರಿ ಮಾತ್ರ ಜಾಸ್ತಿ. ಕೆಲಸ ಮಾಡಿದ ಸಾಮಾನಿಗೆ ಆಗಿದ್ದು ನೂರೈವತ್ತು ಡಾಲರ್ ಇರಬೇಕು. ಕೆಲಸ ಮಾಡದ್ದಕ್ಕೆ ಅದರ ಮೂರು ಪಟ್ಟು.

ಇನ್ನೂ ಬಗ್ಗದ್ದು ಒಂದಿದೆ. ಬಿಸಿ ಎಂಜಿನ್ ಆಫ್ ಮಾಡಿ ಅಂಗಡಿಗೆ ಹೋಗಿ ಬಂದು ಸ್ಟಾರ್ಟ್ ಮಾಡಿದರೆ, ಮೊದಲ ಎರಡು ಮೂರು ನಿಮಿಷ 75ರ ಹತ್ತಿರವೇ. ಆಫ್ ಆದ ಮೇಲೂ ಫ್ಯಾನ್ ತಿರುಗುವಂತೆ ಟೈಮರ್ ಹಾಕಬೇಕು, ಆದರೆ ಬ್ಯಾಟರಿ ಈಗಲೇ ಮುದುಕ.