ಶೆಲ್ಡ್ರೇಕ್ ಅವರನ್ನು ಓದುವುದು ಹೇಗೆ, ಮನೆಯಲ್ಲೇ ಪರೀಕ್ಷಿಸುವುದು ಹೇಗೆ

ಹೋದ ವರ್ಷ ತೊಗರಿ ಹೂವಿಗೆ ಬಂದ ಹೊತ್ತಿನಲ್ಲಿ ನನ್ನ ತಂಗಿಯ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ಕೆಳಗೆ ಎರಡೇ ಸಾಲು: "ದೊಡ್ಡವ್ವ, ನೀ ಮೂವತ್ತು ವರ್ಷ ಸಾಲ್ಯಾಗ ವಿಜ್ಞಾನ ಕಲಿಸೀದಿ. ಇಂವ ಹೇಳೂದು ಖರೆ ಏನು?" ವಿಡಿಯೋದಲ್ಲಿದ್ದವರು ಇಂಗ್ಲೆಂಡಿನ ಜೀವವಿಜ್ಞಾನಿ, ಲೇಖಕ ರೂಪರ್ಟ್ ಶೆಲ್ಡ್ರೇಕ್. 2013ರ ಜನವರಿಯಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ನಡೆದ ಟೆಡ್‌ಎಕ್ಸ್ (ಟೆಡ್ ಎಂಬ ಭಾಷಣ ಸಂಸ್ಥೆಯ ಹೆಸರಲ್ಲಿ ಸ್ಥಳೀಯರು ನಡೆಸುವ ಕಾರ್ಯಕ್ರಮ) ಭಾಷಣ ಅದು. ಹತ್ತು ನಂಬಿಕೆಗಳನ್ನು ವಿಜ್ಞಾನ ಪ್ರಶ್ನಿಸದೆ ಒಪ್ಪಿಕೊಂಡು ಕೂತಿದೆ ಎನ್ನುವುದು ಅವರ ವಾದ. ಅದೇ ಮಾರ್ಚ್‌ನಲ್ಲಿ ಟೆಡ್ ಸಂಸ್ಥೆ ಆ ಭಾಷಣವನ್ನು ತನ್ನ ಯೂಟ್ಯೂಬ್ ಚಾನೆಲ್‌ನಿಂದ ತೆಗೆಯಿತು. ತೆಗೆದದ್ದೇ ತಡ, ಸತ್ಯ ಮುಚ್ಚಿಟ್ಟರು ಎನ್ನುವ ಮಾತಿನ ಜೊತೆ ಅದು ಮತ್ತಷ್ಟು ಹರಿದಾಡಿತು.

ಹುಡುಗನಿಗೆ ಖರೆ ಅಂತಲೂ ಹೇಳಲಿಲ್ಲ, ಸುಳ್ಳು ಅಂತಲೂ ಹೇಳಲಿಲ್ಲ. ಒಂದು ನೋಟ್‌ಬುಕ್ ತರಿಸಿದೆ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನಿಯಾಗಿದ್ದು ಆಮೇಲೆ ಜನಪ್ರಿಯ ಪುಸ್ತಕಗಳನ್ನು ಬರೆದ ಯಾರನ್ನು ಓದುವಾಗಲೂ ಇದು ಕೆಲಸಕ್ಕೆ ಬರುತ್ತದೆ.

ಹಾಳೆಯ ನಡುವೆ ಗೆರೆ ಎಳೆಯಿರಿ

ಎಡಕ್ಕೆ, ಆ ಮನುಷ್ಯ ಮಾಡಿದ ಕೆಲಸದಲ್ಲಿ ಬೇರೆಯವರೂ ಮಾಡಿ ನೋಡಿ ಸರಿ ಎಂದದ್ದು. ಬಲಕ್ಕೆ, ಇನ್ನೂ ಅವರ ಮಾತಾಗಿಯೇ ಉಳಿದದ್ದು. ಎಡದ ಬದಿ ಮೊದಲು ತುಂಬಿಸಿ. ವಿವಾದದಲ್ಲಿರುವವರ ಬಗ್ಗೆ ಓದುವಾಗ ಜನ ಈ ಬದಿಯನ್ನು ಓದುವುದೇ ಇಲ್ಲ, ನನಗೆ ಅದು ಸರಿ ಕಾಣುವುದಿಲ್ಲ.

ಶೆಲ್ಡ್ರೇಕ್ ಹುಟ್ಟಿದ್ದು 1942ರಲ್ಲಿ, ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂವಾರ್ಕ್ ಊರಲ್ಲಿ. ಕೇಂಬ್ರಿಜ್‌ನಲ್ಲಿ ಜೀವರಸಾಯನ ಓದಿ ಡಾಕ್ಟರೇಟ್ ಪಡೆದು ಅಲ್ಲಿಯ ಕ್ಲೇರ್ ಕಾಲೇಜಿನಲ್ಲಿ ಫೆಲೋ ಆದರು. ಅಲ್ಲಿ ಅವರು ಹಿಡಿದ ಪ್ರಶ್ನೆ ಗಿಡದ ಬೆಳವಣಿಗೆಯ ಹಾರ್ಮೋನ್ ಆಕ್ಸಿನ್‌ನದು. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಬೇರಿನ ಕಡೆಗೇ ಹರಿಯುತ್ತದಲ್ಲ, ಯಾಕೆ? 1974ರಲ್ಲಿ ಫಿಲಿಪ್ ರೂಬರಿ ಜೊತೆ ಅವರು ಕೊಟ್ಟ ಉತ್ತರ ಹೀಗೆ. ಕೋಶದ ಹೊರಗೆ ಹುಳಿಯ ಗುಣ ಹೆಚ್ಚು. ಅಲ್ಲಿ ಆಕ್ಸಿನ್‌ನ ಒಂದು ಪಾಲಿಗೆ ವಿದ್ಯುದಂಶ ಇರುವುದಿಲ್ಲ, ಆ ಪಾಲು ಪೊರೆ ದಾಟಿ ಸಲೀಸಾಗಿ ಒಳಗೆ ಬರುತ್ತದೆ. ಒಳಗೆ ಹುಳಿ ಕಡಿಮೆ. ಅಲ್ಲಿ ಅದು ವಿದ್ಯುದಂಶ ಪಡೆದು ಸಿಕ್ಕಿಕೊಳ್ಳುತ್ತದೆ. ಹೊರಗೆ ಹೋಗಬೇಕೆಂದರೆ ವಾಹಕ ಬೇಕು, ಆ ವಾಹಕಗಳು ಕೋಶದ ಕೆಳತುದಿಯಲ್ಲಿವೆ. ಹಾಗಾಗಿ ದಾರಿ ಕೆಳಮುಖ. ಮುಂದೆ 1990ರ ದಶಕದಲ್ಲಿ ಆ ವಾಹಕ ಪ್ರೋಟೀನುಗಳೇ ಸಿಕ್ಕವು. ಇದು ಇವತ್ತು ಪಠ್ಯಪುಸ್ತಕದ ಮಾತು, ಎಡದ ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಅದೇ 1974ರಲ್ಲಿ ಅವರು ಬಂದದ್ದು ನಮ್ಮ ನೆರೆಗೆ, ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಗೆ. ಕೆಲಸ ಮಾಡಿದ್ದು ತೊಗರಿ, ಕಡಲೆ ಮೇಲೆ. ಸೇಡಂ ಕಡೆಯ ನನಗೆ ಇದನ್ನು ಓದಿದಾಗ ಮೈ ಝುಂ ಅಂದಿತು. ತೊಗರಿ ಸಾಲಿನ ಬುಡದಲ್ಲಿ ಹಳದಿ ಹೂ ಉದುರಿ ಹಾಸಿಕೊಂಡದ್ದನ್ನು ಕಂಡರೆ ನಮ್ಮ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಶೆಲ್ಡ್ರೇಕ್ ತಂಡ ಬೇಕೆಂದೇ ಹೂ ಕಿತ್ತು ನೋಡಿತು. ಗಿಡ ಆಮೇಲೆ ಬಿಟ್ಟ ಹೂವಿನಲ್ಲಿ ಕಾಯಿ ಕಟ್ಟಿ ನಷ್ಟವನ್ನು ಬಹಳಮಟ್ಟಿಗೆ ತುಂಬಿಕೊಂಡಿತು. ಅಪ್ಪ ಇದ್ದಿದ್ದರೆ ಈ ಒಂದು ಮಾತು ಅವರಿಗೆ ಓದಿ ಹೇಳುತ್ತಿದ್ದೆ.

ಈಗ ಬಲದ ಬದಿ

1978ರಲ್ಲಿ ಅವರು ತಮಿಳುನಾಡಿನಲ್ಲಿ ಕಾವೇರಿ ದಂಡೆಯ ಕುಳಿತ್ತಲೈ ಹತ್ತಿರ, ಬೀಡ್ ಗ್ರಿಫಿತ್ಸ್ ಎಂಬ ಕ್ರೈಸ್ತ ಸನ್ಯಾಸಿ ನಡೆಸುತ್ತಿದ್ದ ಶಾಂತಿವನಂ ಆಶ್ರಮಕ್ಕೆ ಹೋಗಿ ಉಳಿದರು. ಅಲ್ಲಿ ಕೂತು ಬರೆದದ್ದೇ 1981ರಲ್ಲಿ ಬಂದ ‘ಎ ನ್ಯೂ ಸೈನ್ಸ್ ಆಫ್ ಲೈಫ್’. ಪ್ರಕೃತಿಯ ನಿಯಮಗಳು ಕಲ್ಲಿನ ಶಾಸನವಲ್ಲ, ರೂಢಿಗಳು. ಒಂದು ರೂಪ, ಒಂದು ನಡವಳಿಕೆ ಹಿಂದೆ ಎಷ್ಟು ಸಲ ಆಗಿದೆಯೋ ಅಷ್ಟು ಸಲೀಸಾಗಿ ಮುಂದೆ ಎಲ್ಲಿ ಬೇಕಾದರೂ ಆಗುತ್ತದೆ ಎನ್ನುವುದು ಅದರ ತಿರುಳು. ಇದಕ್ಕೆ ಅವರು ಕೊಟ್ಟ ಹೆಸರು ಮಾರ್ಫಿಕ್ ರೆಸೊನೆನ್ಸ್. ಒಂದು ಊರಿನ ಇಲಿ ಒಂದು ದಾರಿ ಕಲಿತರೆ ದೂರದ ಊರಿನ ಇಲಿಗೂ ಅದು ಬೇಗ ಬರಬೇಕು. ನೆನಪು ಮಿದುಳಿನೊಳಗೆ ಕೂಡಿಟ್ಟದ್ದಲ್ಲ ಎಂದೂ ಅವರು ಹೇಳುತ್ತಾರೆ.

ಆ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಾಕ್ಸ್, ಇದು ಸುಡಬೇಕಾದ ಪುಸ್ತಕವೇ ಎನ್ನುವ ತಲೆಬರಹ ಕೊಟ್ಟು ಸಂಪಾದಕೀಯ ಬರೆದರು. ಸುಡಿ ಎಂದು ಅವರು ಹೇಳಿರಲಿಲ್ಲ, ಪುಸ್ತಕ ಸುಡುವುದು ಬೇಡವೆಂದೇ ಬರೆದಿದ್ದರು. ಜನರ ನೆನಪಿನಲ್ಲಿ ಉಳಿದದ್ದು ಬೆಂಕಿ ಮಾತ್ರ. ಆ ತಲೆಬರಹ ಶೆಲ್ಡ್ರೇಕ್‌ಗೆ ಕೆಡುಕಿಗಿಂತ ಉಪಕಾರವನ್ನೇ ಹೆಚ್ಚು ಮಾಡಿತು ಅನ್ನುವುದು ನನ್ನ ಅನಿಸಿಕೆ. ಓದುವ ನೀವು ಇದನ್ನು ಹಾಳೆಯಲ್ಲಿ ಬರೆಯಲೇ ಬೇಡಿ. ಯಾರೋ ಬೈದರು ಎನ್ನುವುದು ವಾದ ಸರಿ ಅನ್ನುವುದಕ್ಕೂ ಪುರಾವೆಯಲ್ಲ, ತಪ್ಪು ಅನ್ನುವುದಕ್ಕೂ ಅಲ್ಲ. ನಮ್ಮ ಋಷಿಗಳು ಇದನ್ನೇ ಹೇಳಿದ್ದರು ಎಂದು ಹಿಗ್ಗುವವರ ಮಾತೂ ಹಾಗೆಯೇ, ಅದನ್ನೂ ಬಿಡಿ.

ಸೋಲಬಲ್ಲ ಪ್ರಶ್ನೆ ಹುಡುಕಿ

ಬಲದ ಬದಿಯ ಪ್ರತಿ ಸಾಲಿನ ಎದುರೂ ಒಂದು ಪ್ರಶ್ನೆ ಬರೆಯಿರಿ: ಏನು ಕಂಡರೆ ಇದು ತಪ್ಪು ಎಂದು ಒಪ್ಪಬಹುದು? ಉತ್ತರ ಸಿಗದ ಸಾಲನ್ನು ತತ್ವಜ್ಞಾನ ಎಂದು ಓದಿ. ಸಿಕ್ಕ ಸಾಲನ್ನು ಹಿಡಿದುಕೊಳ್ಳಿ. 2009ರಲ್ಲಿ ಶೆಲ್ಡ್ರೇಕ್, ಜೀವವಿಜ್ಞಾನಿ ಲೂಯಿಸ್ ವೋಲ್ಪರ್ಟ್ ಜೊತೆ ಒಂದು ಪೆಟ್ಟಿಗೆ ಪೋರ್ಟ್ ವೈನ್ ಪಣ ಕಟ್ಟಿದರು. ಫಲಿತ ಮೊಟ್ಟೆಯ ಜೀನೋಮ್ (ಅದರ ಪೂರ್ತಿ ವಂಶವಾಹಿ ಮಾಹಿತಿ) ಒಂದನ್ನೇ ನೋಡಿ, ಅದರಿಂದ ಬೆಳೆಯುವ ಜೀವಿಯ ಎಲ್ಲ ವಿವರವನ್ನೂ ಒಂದು ಪ್ರಾಣಿಯಲ್ಲೋ ಗಿಡದಲ್ಲೋ 2029ರ ಮೇ 1ರೊಳಗೆ ಹೇಳಲಾದೀತೇ? ಆದೀತು ಎಂದವರು ವೋಲ್ಪರ್ಟ್. ತಾರೀಖೂ ಇದೆ, ಷರತ್ತೂ ಇದೆ. ಇಂಥ ಪ್ರಶ್ನೆ ನನಗೆ ಇಷ್ಟ.

ಅಳೆಯುವ ಕೋಲನ್ನು ಮೊದಲೇ ಗೊತ್ತುಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜೇಟೀ ಎಂಬ ನಾಯಿಯ ಕತೆ ಓದಿ. ಮ್ಯಾಂಚೆಸ್ಟರ್ ಹತ್ತಿರದ ರಾಮ್ಸ್‌ಬಾಟಮ್‌ನಲ್ಲಿದ್ದ ಈ ನಾಯಿ, ಒಡತಿ ಮನೆಗೆ ಹೊರಟ ಕೂಡಲೇ ಕಿಟಕಿಗೆ ಬಂದು ಕೂರುತ್ತದೆ ಎಂದರು ಶೆಲ್ಡ್ರೇಕ್. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ 1995ರಲ್ಲಿ ನಾಲ್ಕು ಸಲ ನೋಡಿ ಇಲ್ಲ ಎಂದರು. ಅವರ ಲೆಕ್ಕ, ಕಾರಣವಿಲ್ಲದೆ ನಾಯಿ ಮೊದಲ ಸಲ ಕಿಟಕಿಗೆ ಹೋದದ್ದು ಯಾವಾಗ ಎನ್ನುವುದು. ಶೆಲ್ಡ್ರೇಕ್ ಲೆಕ್ಕ, ಒಟ್ಟು ಎಷ್ಟು ಹೊತ್ತು ಕಿಟಕಿಯಲ್ಲಿ ಕಳೆಯಿತು ಎನ್ನುವುದು. ನಾಯಿ ಒಂದೇ, ಉತ್ತರ ಎರಡು. ಒಡತಿ ಹೋಗಿ ಹೊತ್ತಾದಂತೆ ಯಾವ ನಾಯಿಯೂ ಬಾಗಿಲ ಕಡೆ ಹೆಚ್ಚು ಹೋಗಬಹುದು ಎನ್ನುವುದು ವೈಸ್‌ಮನ್ ಎತ್ತಿದ ಆಕ್ಷೇಪ, ಅದನ್ನು ತಳ್ಳಿಹಾಕುವಂತಿಲ್ಲ.

ಫೋನ್ ಪರೀಕ್ಷೆ

ಯಾರನ್ನೋ ನೆನೆದ ಕೂಡಲೇ ಅವರದೇ ಫೋನ್ ಬರುತ್ತದೆ ಎನ್ನುವುದು ಎಲ್ಲರ ಅನುಭವ. ನೆನೆದೂ ಫೋನ್ ಬಾರದ ಸಲಗಳನ್ನು ಯಾರೂ ಎಣಿಸುವುದಿಲ್ಲ. ಶೆಲ್ಡ್ರೇಕ್ ಎಣಿಸಿದರು, ಅದಕ್ಕೆ ಅವರಿಗೆ ಗೌರವ ಸಲ್ಲಬೇಕು. ನಾಲ್ವರಲ್ಲಿ ಒಬ್ಬರು ಫೋನ್ ಮಾಡುತ್ತಾರೆ, ಎತ್ತುವ ಮೊದಲೇ ಯಾರೆಂದು ಹೇಳಬೇಕು. ಬರೀ ಊಹೆಗೆ ನೂರಕ್ಕೆ 25 ಸರಿಯಾಗಬೇಕು. ವಿಡಿಯೋ ಇಟ್ಟು ಮಾಡಿದ ಪರೀಕ್ಷೆಗಳಲ್ಲಿ 45 ಬಂತೆಂದು ಅವರು ಪ್ರಕಟಿಸಿದರು. ಈ ಪರೀಕ್ಷೆಗೆ ಲ್ಯಾಬ್ ಬೇಡ.

ನಾವು ಮಾಡಿದ್ದು ಹೀಗೆ. ಫೋನ್ ಮಾಡುವವರು ನಾಲ್ವರು: ಅಕ್ಕ, ತಂಗಿ, ಸೊಸೆ, ಒಬ್ಬ ಹಳೆಯ ಸಹೋದ್ಯೋಗಿ. ನಾಲ್ಕು ಹೆಸರಿನ ಚೀಟಿ ಒಂದೇ ಅಳತೆಗೆ ಕತ್ತರಿಸಿ, ಮಡಚಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹುಡುಗನ ಕೈಗೆ ಕೊಟ್ಟೆ. ಅವನು ಇರುವುದು ಬೆಂಗಳೂರಲ್ಲಿ, ನನ್ನ ಮುಖ ಅವನಿಗೆ ಕಾಣದು, ಅವನದು ನನಗೆ ಕಾಣದು. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಅವನು ಒಂದು ಚೀಟಿ ಎತ್ತಿ ಆ ಒಬ್ಬರಿಗೆ ಮಾತ್ರ ತಿಳಿಸಬೇಕು, ಚೀಟಿಯನ್ನು ತಿರುಗಿ ಡಬ್ಬಿಗೆ ಹಾಕಬೇಕು. ಐದಕ್ಕೆ ಸರಿಯಾಗಿ ಫೋನ್ ಬರಬೇಕು. ನನ್ನ ಮೊಬೈಲ್ ಬೋರಲು ಬಿದ್ದಿರಬೇಕು, ನಾಲ್ವರಿಗೂ ಒಂದೇ ರಿಂಗ್‌ಟೋನ್. ರಿಂಗ್ ಆಗುತ್ತಿರುವಾಗಲೇ ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಹೆಸರು ಬರೆದು, ಆಮೇಲೆ ಎತ್ತಬೇಕು. ಪೆನ್ಸಿಲ್ ಬೇಡ.

ಮೊದಲ 12 ಫೋನ್‌ಗಳಲ್ಲಿ 7 ಸರಿ ಬಂದವು. ಬರಬೇಕಾದ್ದು 3. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಇಷ್ಟು ವರ್ಷ ಮಕ್ಕಳಿಗೆ ತಪ್ಪು ಕಲಿಸಿದೆನೇ ಅನ್ನಿಸಿತು. ಬೆಳಿಗ್ಗೆ ನೋಟ್‌ಬುಕ್ ತೆಗೆದು ಕೂತೆ. ಅಕ್ಕನ ಫೋನ್ ನಾಲ್ಕು ಬಂದಿದ್ದವು, ನಾಲ್ಕೂ ಸರಿ. ಪಕ್ಕದ ಅಂಕಣದಲ್ಲಿ ಬರೆದಿಟ್ಟ ಸಮಯ ನೋಡಿದೆ: 5.01, 5.02, 5.01, 5.02. ಉಳಿದವರದೆಲ್ಲ ಐದಕ್ಕೆ ಸರಿಯಾಗಿ. ಅಕ್ಕನ ಮನೆಯಲ್ಲಿ ರೇಂಜ್ ಸಿಗುವುದಿಲ್ಲ, ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಬೇಕು. ತಡವಾದ ರಿಂಗ್ ಅಕ್ಕನದು ಅನ್ನುವುದು ನನಗೇ ತಿಳಿಯದೆ ನನ್ನ ಕೈಗೆ ತಿಳಿದಿತ್ತು. ಅಕ್ಕನ ನಾಲ್ಕು ಬಿಟ್ಟರೆ ಉಳಿದ 8ರಲ್ಲಿ 3 ಸರಿ. ಮೂವರಲ್ಲಿ ಒಬ್ಬರನ್ನು ಊಹಿಸಿದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ಸಮಯದ ಅಂಕಣ ಬಿಡಲೇಬೇಡಿ. ಎರಡನೇ ಸುತ್ತಿನಲ್ಲಿ ಅಕ್ಕನನ್ನು ದಿನಾ ಐದಕ್ಕೆ ಹತ್ತು ನಿಮಿಷ ಮೊದಲೇ ಮಾಳಿಗೆಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು, ಚೀಟಿ ಯಾರದೇ ಬರಲಿ. 24 ಫೋನ್, 7 ಸರಿ. ಊಹೆಯ ಲೆಕ್ಕ 6.

ಎಷ್ಟು ಬಂದರೆ ಗಮನಿಸಬೇಕು ಅನ್ನುವುದನ್ನು ಶುರುವಿಗೆ ಮೊದಲೇ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿ. 24 ಫೋನ್‌ಗೆ ಗೆರೆ 11ರಲ್ಲಿರಲಿ. ಬರೀ ಊಹೆಯಿಂದ 11 ಅಥವಾ ಹೆಚ್ಚು ಬರುವುದು ಅಂಥ ನೂರು ಸುತ್ತಿನಲ್ಲಿ ಎರಡು ಸಲ ಮಾತ್ರ. ಎಷ್ಟು ಫೋನ್‌ಗೆ ನಿಲ್ಲಿಸುತ್ತೀರಿ ಅನ್ನುವುದೂ ಮೊದಲೇ ಗೊತ್ತಾಗಿರಲಿ. ಚೆನ್ನಾಗಿ ಬರುತ್ತಿರುವಾಗ ನಿಲ್ಲಿಸುವ ಆಸೆ ಬರುತ್ತದೆ, ನನಗೂ ಬಂದಿತ್ತು. ಕಟ್ ಆದ ಫೋನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ, ಅದನ್ನೂ ಅದೇ ಪುಟದಲ್ಲಿ ಬರೆಯಿರಿ.

24 ಫೋನ್‌ನಿಂದ ಶೆಲ್ಡ್ರೇಕ್ ಸೋತರು ಎಂದು ನಾನು ಹುಡುಗನಿಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಕಂಡದ್ದು ಇಷ್ಟು, ಮಾರ್ಫಿಕ್ ರೆಸೊನೆನ್ಸ್ ಒಪ್ಪಲು ನನಗೆ ಕಾರಣ ಸಿಗಲಿಲ್ಲ, ಆಕ್ಸಿನ್ ಕೆಲಸಕ್ಕೆ ಕೈ ಮುಗಿಯುತ್ತೇನೆ ಎಂದು ಬರೆದು, ಎರಡೂ ಸುತ್ತಿನ ಪುಟಗಳ ಫೋಟೋ ಕಳಿಸಿದೆ, ತಪ್ಪಾದ ಮೊದಲ ಸುತ್ತಿನದೂ ಸೇರಿ. ಅವನೀಗ ಹಾಸ್ಟೆಲ್‌ನಲ್ಲಿ ನಾಲ್ವರು ಗೆಳೆಯರನ್ನು ಒಪ್ಪಿಸಿದ್ದಾನೆ, ನೂರು ಫೋನ್ ಎಂದು ಮೊದಲ ಪುಟದಲ್ಲಿ ಬರೆದಿದ್ದಾನೆ. ಚೀಟಿ ಎತ್ತುವ ಕೆಲಸ ಈ ಸಲ ನನ್ನದು.